354 ಪುಟಗಳು ಮತ್ತು ಮನೆಯವರ ಹಕ್ಕು

ಕಳೆದ ಬಕ್ರೀದ್‌ನಂದು ಆರಂಭಿಸಿದ ಒಂದು ಸಣ್ಣ ಕೆಲಸಕ್ಕೆ ಈ ಸಲದ ಬಕ್ರೀದ್‌ನ ಮುನ್ನಾದಿನ, ಅಂದರೆ ಅರಫಾ ದಿನದಂದು, ಒಂದು ವರ್ಷ ತುಂಬಿತು. ಪ್ರತಿದಿನ ಸುಬಹ್ ನಮಾಝಿನ ಬಳಿಕ ಪವಿತ್ರ ಕುರ್‌ಆನಿನ ಒಂದು ಸೂಕ್ತವನ್ನು ಓದುವುದು, ಅದರ ಕನ್ನಡ ಅನುವಾದವನ್ನೂ ವ್ಯಾಖ್ಯಾನವನ್ನೂ ನೋಡುವುದು, ತಿಳಿದಷ್ಟನ್ನು ನೋಟ್ ಪುಸ್ತಕದ ಒಂದು ಪುಟದಲ್ಲಿ ಬರೆದಿಡುವುದು, ಇಷ್ಟೇ ಆ ಕೆಲಸ. ಹಿಜರಿ ವರ್ಷವು ಚಂದ್ರನ ಲೆಕ್ಕದ್ದಾದುದರಿಂದ ಅದರಲ್ಲಿ 354 ಅಥವಾ 355 ದಿನಗಳಿರುತ್ತವೆ. ನನ್ನ ಪಾಲಿಗೆ ಬಂದುದು 354. ಇನ್ನೂರು ಪುಟಗಳ ಎರಡು ನೋಟ್ ಪುಸ್ತಕಗಳಲ್ಲಿ ಎರಡನೆಯದರ ಕೊನೆಯ 46 ಪುಟಗಳು ಖಾಲಿ ಉಳಿದಿವೆ.

ಒಂದು ವರ್ಷದ ಕೆಲಸವೆಂದರೆ ಕೇಳುವವರಿಗೆ ದೊಡ್ಡದಾಗಿ ತೋರುತ್ತದೆ. ಆದರೆ ಕುರ್‌ಆನಿನ ಸೂಕ್ತಗಳ ಸಂಖ್ಯೆ 6,236. ದಿನಕ್ಕೊಂದರಂತೆ ಓದುತ್ತ ಬರೆಯುತ್ತ ಹೋದರೆ ಅದನ್ನು ಮುಗಿಸಲು ಹದಿನೇಳೂವರೆ ಹಿಜರಿ ವರ್ಷಗಳು ಬೇಕು. ಅಲ್‌ಫಾತಿಹಾದ 7, ಅಲ್‌ಬಕರಾದ 286 ಸೂಕ್ತಗಳು ಕಳೆದು, ಆಲು ಇಮ್ರಾನ್ ಅಧ್ಯಾಯದ 61ನೆಯ ಸೂಕ್ತಕ್ಕೆ ಬರುವಷ್ಟರಲ್ಲಿ ನನ್ನ ವರ್ಷ ಮುಗಿಯಿತು. ಮಹಾಸಾಗರದ ದಡದಲ್ಲಿ ಪಾದ ನೆನೆದಷ್ಟೇ ಆಯಿತು. ಆದುದರಿಂದ ಈ ಬರಹ ಸಾಧನೆಯ ವರದಿಯಲ್ಲ. ಒಂದು ಸತ್ಕರ್ಮವನ್ನು ಪ್ರತಿದಿನ ಮಾಡುವಾಗ ಅದರ ಭಾರವನ್ನು ಯಾರು ಯಾರು ಹೊರುತ್ತಾರೆ, ಅವರಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆಯೇ ಇದನ್ನು ಬರೆಯಲು ಕಾರಣ.

ನಾನು ಕೆಲಸ ಮಾಡುವುದು ವಿಜಯಪುರದ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು, ಬಬಲೇಶ್ವರ ಕಡೆಯ ಕೂಲಿಕಾರರು ಚೀಟಿ ಹಿಡಿದು ನಿಲ್ಲುವ ಕಿಟಕಿಯ ಒಳಬದಿಯಲ್ಲಿ ನನ್ನ ದಿನ ಕಳೆಯುತ್ತದೆ. ವಾಸ ಸಿದ್ಧೇಶ್ವರ ಗುಡಿಯ ಸಮೀಪದ ಒಂದು ಬಾಡಿಗೆ ಕೋಣೆಯಲ್ಲಿ. ತಾಯಿ, ಪತ್ನಿ, ಮಗಳು ದಕ್ಷಿಣ ಕನ್ನಡದ ಊರಿನಲ್ಲಿದ್ದಾರೆ. ನಡುವೆ ಒಂದಿಡೀ ರಾತ್ರಿಯ ಬಸ್ ಪ್ರಯಾಣ. ಆಸ್ಪತ್ರೆಗೆ ಹಬ್ಬದ ರಜೆ ಎಂಬುದಿಲ್ಲ. ಈದುಲ್ ಫಿತ್ರ್‌ಗೆ ಊರಿಗೆ ಹೋಗುವ ಸರದಿ ನನಗೆ ಸಿಕ್ಕಿತ್ತು. ಬಕ್ರೀದ್‌ನ ಸರದಿ ಸಹೋದ್ಯೋಗಿಯದು. ಹೀಗಾಗಿ ವರ್ಷ ತುಂಬಿದ ಪುಟವನ್ನು ಮನೆಯವರಿಂದ ದೂರ, ಇದೇ ಕೋಣೆಯಲ್ಲಿ ಕುಳಿತು ಬರೆದೆ.

ಅಲ್ಲಾಹನಿಗೆ ಅತ್ಯಂತ ಪ್ರಿಯವಾದುದು ಅಲ್ಪವಾದರೂ ನಿರಂತರವಾಗಿರುವ ಕರ್ಮ ಎಂಬರ್ಥದ ಪ್ರವಾದಿ(ಸ) ವಚನವನ್ನು ಹ. ಆಯಿಶಾ(ರ) ಅವರಿಂದ ವರದಿಯಾದಂತೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ನಾವೆಲ್ಲ ಓದಿದ್ದೇವೆ. ಇಸ್ಲಾಮಿನ ಆರಾಧನಾ ಕ್ರಮವೇ ಈ ಸ್ವಭಾವದ್ದು. ವರ್ಷಕ್ಕೊಮ್ಮೆ ಒಂದೇ ದಿನ ಸಾವಿರಾರು ರಕಅತ್ ನಮಾಝ್ ಮಾಡಲು ನಮಗೆ ಆದೇಶವಿಲ್ಲ. ದಿನಕ್ಕೆ ಐದು ಹೊತ್ತು, ಒಂದೊಂದು ಹೊತ್ತಿಗೆ ಕೆಲವೇ ನಿಮಿಷಗಳು. ಕುರ್‌ಆನ್ ಕೂಡ ಒಂದೇ ಸಲಕ್ಕೆ ಇಳಿಯಲಿಲ್ಲ. ಸುಮಾರು 23 ವರ್ಷಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಅವತೀರ್ಣವಾಯಿತು. ಒಮ್ಮೆಗೇ ಏಕೆ ಇಳಿಯಲಿಲ್ಲವೆಂದು ವಿರೋಧಿಗಳು ಕೇಳಿದಾಗ, ಪ್ರವಾದಿಯ(ಸ) ಹೃದಯವನ್ನು ದೃಢಗೊಳಿಸಲಿಕ್ಕಾಗಿಯೇ ಹೀಗೆ ಎಂದು ಅಲ್‌ಫುರ್ಕಾನ್ ಅಧ್ಯಾಯದಲ್ಲಿ ಉತ್ತರ ದೊರೆಯಿತು. ಹೃದಯವು ದೃಢವಾಗುವುದು ದಿನನಿತ್ಯದ ತೊಟ್ಟುಗಳಿಂದ ಎಂಬುದು ಇದರ ತಾತ್ಪರ್ಯ.

ವಿಜಯಪುರ ನಗರವೂ ಈ ಮಾತಿಗೆ ತನ್ನದೇ ರೀತಿಯಲ್ಲಿ ಸಾಕ್ಷಿ ನುಡಿಯುತ್ತದೆ. ಇಲ್ಲಿ ಬಾರಾ ಕಮಾನ್ ಎಂಬ ಸ್ಮಾರಕವಿದೆ. 1672ರಲ್ಲಿ ನಿಧನನಾದ ಎರಡನೆಯ ಅಲಿ ಆದಿಲ್ ಶಾಹನ ಸಮಾಧಿಗಾಗಿ ಎಬ್ಬಿಸಿದ ಕಲ್ಲಿನ ಕಮಾನುಗಳು ಛಾವಣಿ ಕಾಣದೆ ಆಕಾಶಕ್ಕೆ ಮುಖಮಾಡಿ ನಿಂತಿವೆ. ಬೃಹತ್ತಾದುದು ಅರ್ಧಕ್ಕೆ ನಿಂತರೆ ನೋಡುವವರಿಗೆ ಅದರ ಅಪೂರ್ಣತೆಯೇ ಮೊದಲು ಕಾಣುತ್ತದೆ. ಇದೇ ನಗರದ ಜಾಮಿಯಾ ಮಸೀದಿಯೂ ಅಪೂರ್ಣವೇ. ಹದಿನಾರನೆಯ ಶತಮಾನದಲ್ಲಿ ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಆರಂಭವಾದ ಆ ಕಟ್ಟಡಕ್ಕೆ ಯೋಜಿಸಿದ್ದ ಮಿನಾರುಗಳು ಏಳಲೇ ಇಲ್ಲ. ಆದರೆ ಜುಮಾ ನಮಾಝಿಗೆ ಅಲ್ಲಿ ಸಾಲಿನಲ್ಲಿ ನಿಂತವನಿಗೆ ಆ ಕೊರತೆ ನೆನಪಾಗುವುದೇ ಇಲ್ಲ. ನೂರಾರು ವರ್ಷಗಳಿಂದ ಅಲ್ಲಿ ಹಣೆಗಳು ನೆಲ ಮುಟ್ಟುತ್ತಲೇ ಬಂದಿವೆ. ಕಟ್ಟಡದಲ್ಲಿ ಉಳಿದ ಕೊರತೆಯನ್ನು ನಿತ್ಯದ ಸುಜೂದ್ ತುಂಬಿದೆ.

ಇನ್ನೊಂದು ಸಂಗತಿಯು ನನ್ನನ್ನು ಇನ್ನೂ ಹತ್ತಿರದಿಂದ ತಟ್ಟಿತು. ಬಿಜಾಪುರದ ಸೂಫಿಗಳ ಕುರಿತು ಇತಿಹಾಸಕಾರ ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಚಕ್ಕಿನಾಮಾ’ಗಳ ವಿವರವಿದೆ. ಚಕ್ಕಿಯೆಂದರೆ ಬೀಸುವ ಕಲ್ಲು. ಹೆಂಗಸರು ನಸುಕಿನಲ್ಲೆದ್ದು ಹಿಟ್ಟು ಬೀಸುವಾಗ ಹಾಡಿಕೊಳ್ಳಲೆಂದು ದಖನಿ ಭಾಷೆಯಲ್ಲಿ ರಚನೆಯಾದ ಹಾಡುಗಳಿವು. ನೂಲುವ ರಾಟೆಯ ಕುರಿತೂ ಇಂಥವೇ ಹಾಡುಗಳಿದ್ದವು. ಬೀಸುವ ಕಲ್ಲಿನ ಒಂದೊಂದು ಭಾಗವನ್ನೂ ಅಲ್ಲಾಹನ ಸ್ಮರಣೆಗೆ ಜೋಡಿಸಿ, ಕಲ್ಲಿನ ಒಂದೊಂದು ಸುತ್ತನ್ನೂ ಝಿಕ್ರ್ ಆಗಿಸುವುದು ಅವುಗಳ ರೀತಿ. ಕನ್ನಡದ ಮನೆಗಳಲ್ಲಿ ಬೀಸುವ ಪದಗಳು ಇದ್ದಂತೆಯೇ ಇವು. ಗ್ರಂಥ ಓದಲು ಬಾರದ, ಮದ್ರಸದ ಮೆಟ್ಟಿಲು ಹತ್ತದ ಆ ಹೆಂಗಸರಿಗೆ ದೀನ್ ತಲುಪಿದುದರಲ್ಲಿ ಇಂತಹ ನಿತ್ಯದ ಹಾಡುಗಳ ಪಾಲೂ ಇದೆ. ಅವರ ಆ ಕೆಲಸಕ್ಕೆ ‘ವರ್ಷ ತುಂಬಿತು’ ಎಂಬ ಲೆಕ್ಕವೇ ಇರಲಿಲ್ಲ. ಇಂದಿನ ಹಿಟ್ಟು ಇಂದಿಗೆ, ನಾಳೆ ನಸುಕಿನಲ್ಲಿ ಮತ್ತೆ ಕಲ್ಲಿನ ಮುಂದೆ ಕೂರಬೇಕು. ಅದಕ್ಕಿಂತಲೂ ಮುಖ್ಯವಾಗಿ, ಅವರು ಬೀಸಿದ ಹಿಟ್ಟನ್ನು ಮನೆಯವರೆಲ್ಲರೂ ಉಂಡರು. ಆರಾಧನೆಯೂ ಮನೆಯವರ ಹೊಟ್ಟೆಯೂ ಅಲ್ಲಿ ಬೇರೆ ಬೇರೆಯಾಗಿರಲಿಲ್ಲ.

ನನ್ನ ಪುಟಗಳಿಗೂ ಒಂದು ಮನೆಯಿತ್ತು. ಪ್ರತಿದಿನ ಇಶಾ ನಮಾಝಿನ ಬಳಿಕ ಊರಿಗೆ ಫೋನ್ ಮಾಡಿ, ಬೆಳಗ್ಗೆ ಬರೆದ ಪುಟವನ್ನು ಓದುವುದು ಮೊದಲ ವಾರದಲ್ಲೇ ರೂಢಿಯಾಯಿತು. ಉಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಮನೆಯ ಮಾತು ಬ್ಯಾರಿ. ನಾನು ಕನ್ನಡದಲ್ಲಿ ಓದಿ, ಬ್ಯಾರಿಯಲ್ಲಿ ವಿವರಿಸಿ ಹೇಳುತ್ತಿದ್ದೆ. ಉಮ್ಮ ಕೇಳುವ ಪ್ರಶ್ನೆಗಳಿಂದಾಗಿ ಮರುದಿನದ ಪುಟ ಎಷ್ಟೋ ಸಲ ತಿದ್ದಿಕೊಂಡಿದೆ.

ಎಂಟನೆಯ ದಿನವೇ ಮೊದಲ ಪರೀಕ್ಷೆ ಬಂತು. ಆ ದಿನದ ಪಾಲು ಅಲ್‌ಬಕರಾದ ಮೊದಲ ಸೂಕ್ತ. ಅಲಿಫ್, ಲಾಮ್, ಮೀಮ್ ಎಂಬ ಮೂರೇ ಅಕ್ಷರಗಳು. ಅವುಗಳ ಇಂಗಿತವನ್ನು ಅಲ್ಲಾಹನೇ ಬಲ್ಲನೆಂದು ಹೆಚ್ಚಿನ ವಿದ್ವಾಂಸರು ಹೇಳಿರುವಾಗ ಇಡೀ ಪುಟ ಬರೆಯುವುದು ಹೇಗೆ? ಕೊನೆಗೆ ಬರೆದುದು ಎರಡೇ ಸಾಲು. ರಾತ್ರಿ ಅದನ್ನೇ ಓದಿದೆ. ಉಮ್ಮ ಅಂದರು: “ಮೂರು ಅಕ್ಷರಕ್ಕೆ ಮೂವತ್ತು ಪುಣ್ಯ ಉಂಟಲ್ಲ ಮಗನೇ, ಅದು ಸಾಲದಾ?” ಕುರ್‌ಆನಿನ ಒಂದು ಅಕ್ಷರ ಓದಿದವನಿಗೆ ಹತ್ತು ಪಟ್ಟು ಪ್ರತಿಫಲವಿದೆಯೆಂದೂ ಅಲಿಫ್ ಒಂದು ಅಕ್ಷರ, ಲಾಮ್ ಒಂದು, ಮೀಮ್ ಒಂದು ಎಂದೂ ಪ್ರವಾದಿ(ಸ) ಹೇಳಿದುದು ತಿರ್ಮಿದಿಯಲ್ಲಿದೆ. ಬಾಲ್ಯದಲ್ಲಿ ಮದ್ರಸದ ಉಸ್ತಾದರಿಂದ ಕೇಳಿದ ಆ ಮಾತನ್ನು ಉಮ್ಮ ಬಾಳಿನುದ್ದಕ್ಕೂ ಕಾಪಿಟ್ಟಿದ್ದರು. ತಿಳಿಯದ ಕಡೆ ನಿಲ್ಲುವುದೂ ಓದಿನ ಭಾಗವೇ ಎಂದು ಆ ಎರಡು ಸಾಲಿನ ಪುಟ ನನಗೆ ಕಲಿಸಿತು.

289ನೆಯ ದಿನದ ಪಾಲು ಅಲ್‌ಬಕರಾದ 282ನೆಯ ಸೂಕ್ತ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಿದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂದು ಅದು ಆದೇಶಿಸುತ್ತದೆ. ಈದುಲ್ ಫಿತ್ರ್ ಕಳೆದು ಎರಡು ಮೂರು ದಿನಗಳಾಗಿದ್ದವು, ನಾನು ಊರಿನಲ್ಲೇ ಇದ್ದೆ. ಆ ಪುಟವನ್ನು ಎದುರಿನಲ್ಲೇ ಕುಳಿತು ಕೇಳಿದ ಉಮ್ಮ ಎದ್ದು ಹೋಗಿ ಕಪಾಟಿನಿಂದ ಒಂದು ಹಳೆಯ ಸಣ್ಣ ಪುಸ್ತಕ ತಂದರು. ತೀರಿಹೋದ ಉಪ್ಪನ ಸಾಲದ ಲೆಕ್ಕ ಅದರಲ್ಲಿತ್ತು. ಯಾರಿಗೆ ಎಷ್ಟು, ಯಾವ ದಿನ ಎಂಬುದೆಲ್ಲ ಬರೆದು, ತೀರಿಸಿದಂತೆಲ್ಲ ಗೆರೆ ಎಳೆದಿದ್ದರು. ಕೊನೆಯ ಗೆರೆಯನ್ನು ಅವರ ಮರಣಾನಂತರ ನನ್ನ ಅಣ್ಣ ಎಳೆದದ್ದು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಉಪ್ಪ ಎಂದೂ ಲೇಖಕರೆನಿಸಿಕೊಂಡವರಲ್ಲ. ಆದರೆ ಬರವಣಿಗೆ ಎಂಬುದು ಮೊದಲಿಗೆ ಒಂದು ಅಮಾನತ್, ಮತ್ತೊಬ್ಬರ ಹಕ್ಕನ್ನು ಮರೆಯದಿರುವ ಉಪಾಯ ಎಂಬುದನ್ನು ಆ ಪುಸ್ತಕದಷ್ಟು ಸ್ಪಷ್ಟವಾಗಿ ನನ್ನ ಯಾವ ಪುಟವೂ ಹೇಳಿಲ್ಲ.

ಮಗಳಿಗೆ ಹತ್ತು ವರ್ಷ. ಒಂದು ರಾತ್ರಿ ನಾನು ಪುಟ ತೆರೆಯುತ್ತಿರುವಾಗಲೇ ಅವಳು ಹೇಳಿದಳು: “ಉಪ್ಪಾ, ಇವತ್ತು ಪುಟ ಬೇಡ. ನಾನು ಹೇಳ್ತೇನೆ, ನೀವು ಕೇಳಿ.” ಶಾಲೆಯಲ್ಲಿ ಗೆಳತಿಯೊಂದಿಗೆ ಆದ ಜಗಳ, ಕನ್ನಡ ಪಾಠದ ಪದ್ಯ, ಹಿತ್ತಲಲ್ಲಿ ಮರಿ ಹಾಕಿದ ಬೆಕ್ಕು – ಅರ್ಧ ಗಂಟೆ ಅವಳದೇ ಮಾತು. ಪುಸ್ತಕ ಮುಚ್ಚಿಟ್ಟು ಕೇಳಿದೆ. ಆ ದಿನದ ಪುಟವನ್ನು ಉಮ್ಮನಿಗೆ ಮರುದಿನ ಓದಿದೆ. ಆದರೆ ಮಗಳ ಆ ಮಾತು ಮನಸ್ಸಿನಲ್ಲಿ ಉಳಿಯಿತು. ದೂರದಲ್ಲಿರುವ ತಂದೆಗೂ ಮಗಳಿಗೂ ದಿನಕ್ಕೆ ದೊರೆಯುವುದು ಆ ಒಂದೇ ಗಂಟೆ. ಅದರಲ್ಲಿ ಎಷ್ಟು ಪಾಲು ಯಾರದು?

ಈ ಪ್ರಶ್ನೆಯೊಂದಿಗೆ ಓದುತ್ತಿರುವಾಗ ಒಬ್ಬ ಸಹಾಬಿಯ ಜೀವನವು ನನ್ನನ್ನು ಹಿಡಿದು ನಿಲ್ಲಿಸಿತು. ಅವರು ಹ. ಅಬ್ದುಲ್ಲಾ ಬಿನ್ ಅಮ್ರ್ ಬಿನ್ ಆಸ್(ರ). ಪ್ರವಾದಿ(ಸ) ಅವರಿಂದ ಕೇಳಿದುದನ್ನೆಲ್ಲ ಬರೆದಿಡುತ್ತಿದ್ದವರು. ಪ್ರವಾದಿಯವರು(ಸ) ಕೋಪದಲ್ಲೂ ಸಂತೋಷದಲ್ಲೂ ಮಾತನಾಡುವ ಮನುಷ್ಯರು, ಎಲ್ಲವನ್ನೂ ಬರೆಯುವುದೇ ಎಂದು ಕುರೈಶರಲ್ಲಿ ಕೆಲವರು ಆಕ್ಷೇಪಿಸಿದಾಗ ಅವರು ಬರೆಯುವುದನ್ನು ನಿಲ್ಲಿಸಿದರು. ವಿಷಯ ತಿಳಿದ ಪ್ರವಾದಿ(ಸ) ತಮ್ಮ ಬಾಯಿಯತ್ತ ಬೆರಳು ತೋರಿ, ಇದರಿಂದ ಸತ್ಯವಲ್ಲದೆ ಬೇರೇನೂ ಹೊರಡದು, ಬರೆಯಿರಿ ಎಂದು ಅನುಮತಿಯಿತ್ತರು. ಅವರು ಬರೆದ ಸಂಗ್ರಹವು ‘ಸಹೀಫಾ ಸಾದಿಕಾ’ ಎಂದು ಪ್ರಸಿದ್ಧವಾಯಿತು. ತನಗಿಂತ ಹೆಚ್ಚು ಹದೀಸ್ ಬಲ್ಲವರಿದ್ದರೆ ಅದು ಅಬ್ದುಲ್ಲಾ ಬಿನ್ ಅಮ್ರ್, ಏಕೆಂದರೆ ಅವರು ಬರೆಯುತ್ತಿದ್ದರು, ತಾನು ಬರೆಯುತ್ತಿರಲಿಲ್ಲ ಎಂದು ಹ. ಅಬೂಹುರೈರಾ(ರ) ಹೇಳಿದುದು ಬುಖಾರಿಯಲ್ಲಿದೆ.

ಅದೇ ಅಬ್ದುಲ್ಲಾ(ರ) ಯೌವನದಲ್ಲಿ ಪ್ರತಿದಿನ ಉಪವಾಸ ಆಚರಿಸುತ್ತಿದ್ದರು, ಪ್ರತಿ ರಾತ್ರಿ ಇಡೀ ಕುರ್‌ಆನ್ ಪಾರಾಯಣ ಮಾಡುತ್ತಿದ್ದರು. ಅವರ ತಂದೆ ಸೊಸೆಯ ಯೋಗಕ್ಷೇಮ ವಿಚಾರಿಸಿದಾಗ, ಪತಿಗೆ ತನ್ನತ್ತ ಗಮನವೇ ಇಲ್ಲವೆಂಬುದನ್ನು ಆಕೆ ಸೂಕ್ಷ್ಮವಾಗಿ ತಿಳಿಸಿದರು. ಮಾತು ಪ್ರವಾದಿಯವರಿಗೆ(ಸ) ತಲುಪಿತು. ದೇಹಕ್ಕೆ ಹಕ್ಕಿದೆ, ಕಣ್ಣಿಗೆ ಹಕ್ಕಿದೆ, ಪತ್ನಿಗೆ ಹಕ್ಕಿದೆ, ಅತಿಥಿಗೆ ಹಕ್ಕಿದೆ ಎಂದು ಅವರು ನೆನಪಿಸಿದರು. ತಿಂಗಳಿಗೆ ಮೂರು ಉಪವಾಸ ಸಾಕು, ತಿಂಗಳಿಗೊಮ್ಮೆ ಕುರ್‌ಆನ್ ಮುಗಿಸಿದರೆ ಸಾಕು ಎಂದರು. ನನಗೆ ಇನ್ನೂ ಹೆಚ್ಚು ಶಕ್ತಿಯಿದೆ ಎಂದು ಅಬ್ದುಲ್ಲಾ(ರ) ಮತ್ತೆ ಮತ್ತೆ ಕೇಳಿಕೊಂಡರು. ಕೊನೆಗೆ ದಿನ ಬಿಟ್ಟು ದಿನ ಉಪವಾಸ, ಏಳು ರಾತ್ರಿಗಳಿಗೊಮ್ಮೆ ಕುರ್‌ಆನ್ ಎಂಬಲ್ಲಿಗೆ ಮಾತು ನಿಂತಿತು. ವೃದ್ಧಾಪ್ಯ ಬಂದಾಗ ಅವರಿಗೆ ಅದೂ ಭಾರವಾಯಿತು. ಪ್ರವಾದಿಯವರು(ಸ) ನೀಡಿದ ವಿನಾಯಿತಿಯನ್ನು ಸ್ವೀಕರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಬಲಿಸಿದರು. ಆದರೂ ಕೈಬಿಡಲಿಲ್ಲ. ರಾತ್ರಿ ಓದಬೇಕಾದ ಏಳನೆಯ ಒಂದು ಭಾಗವನ್ನು ಹಗಲಿನಲ್ಲಿ ಮನೆಯವರೊಬ್ಬರಿಗೆ ಓದಿ ಒಪ್ಪಿಸುತ್ತಿದ್ದರು, ರಾತ್ರಿ ಅದು ಹಗುರವಾಗಲೆಂದು.

ಇವರಿಗೇ ಪ್ರವಾದಿ(ಸ) ಇನ್ನೊಂದು ಎಚ್ಚರಿಕೆಯನ್ನೂ ನೀಡಿದ್ದರು. ರಾತ್ರಿಯ ನಮಾಝನ್ನು ರೂಢಿಸಿಕೊಂಡು ಆಮೇಲೆ ಬಿಟ್ಟುಬಿಟ್ಟ ಇಂಥವನಂತೆ ಆಗಬೇಡ ಎಂಬುದು ಅದರ ಸಾರ. ಗಟ್ಟಿಯಾಗಿ ನೂತ ನೂಲನ್ನು ತಾನೇ ಎಳೆ ಎಳೆಯಾಗಿ ಬಿಚ್ಚಿ ಹಾಕಿದ ಹೆಂಗಸಿನ ಉಪಮೆಯು ಅನ್ನಹ್ಲ್ ಅಧ್ಯಾಯದಲ್ಲಿ ಒಪ್ಪಂದ ಮುರಿಯುವವರ ಕುರಿತು ಬಂದಿದ್ದರೂ, ರೂಢಿಸಿದ ಸತ್ಕರ್ಮವನ್ನು ಕೈಬಿಡುವಾಗಲೆಲ್ಲ ಅದು ನನಗೆ ನೆನಪಾಗುತ್ತದೆ.

ಒಬ್ಬರೇ ಸಹಾಬಿಯ ಬಾಳಿನಲ್ಲಿ ಈ ಮೂರೂ ಸೇರಿವೆ: ಬರೆಯಿರಿ ಎಂಬ ಅನುಮತಿ, ಮನೆಯವರ ಹಕ್ಕನ್ನು ಮರೆಯಬೇಡಿ ಎಂಬ ಆದೇಶ, ರೂಢಿಸಿದುದನ್ನು ಬಿಡಬೇಡಿ ಎಂಬ ಎಚ್ಚರಿಕೆ. ಮೂರನ್ನೂ ಒಟ್ಟಿಗೆ ಪಾಲಿಸಬೇಕಾದರೆ ದಾರಿ ಒಂದೇ. ಕರ್ಮದ ಅಳತೆಯನ್ನು ಆರಂಭದಲ್ಲೇ ಸಣ್ಣದಾಗಿಡಬೇಕು. ಉತ್ಸಾಹದ ದಿನ ಎಷ್ಟು ಸಾಧ್ಯ ಎಂಬುದನ್ನು ನೋಡಿ ಅಳತೆ ಗೊತ್ತುಮಾಡಬಾರದು. ಜ್ವರದ ದಿನ, ರಾತ್ರಿ ಪಾಳಿಯ ದಿನ, ಮಗು ಮಾತಾಡಬೇಕೆಂದು ಕಾದಿರುವ ದಿನ ಎಷ್ಟು ಸಾಧ್ಯವೋ ಅದೇ ನಮ್ಮ ನಿಜವಾದ ಅಳತೆ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊಣೆ ಹೊರಿಸುವುದಿಲ್ಲ ಎಂಬ ಭರವಸೆಯೊಂದಿಗೆ ಆರಂಭವಾಗುವ ಅಲ್‌ಬಕರಾದ ಕೊನೆಯ ಸೂಕ್ತವು 293ನೆಯ ದಿನ ನನ್ನ ಪಾಲಿಗೆ ಬಂದಿತ್ತು. ಅಲ್ಲಾಹನೇ ಹೊರಿಸದ ಹೊರೆಯನ್ನು ನಾವು ನಮ್ಮ ಮೇಲೂ ಮನೆಯವರ ಮೇಲೂ ಹೊರಿಸುವುದು ಯಾವ ನ್ಯಾಯ?

ಅರಫಾ ದಿನದ ಸುಬಹ್‌ನಿಂದಲೇ ಮಸೀದಿಯಲ್ಲಿ ತಕ್ಬೀರ್ ಮೊಳಗತೊಡಗಿತ್ತು. ಅಂದು ಉಪವಾಸವಿದ್ದು ಕೊನೆಯ ಪುಟ ಬರೆದೆ. ಆಲು ಇಮ್ರಾನಿನ 61ನೆಯ ಸೂಕ್ತ. ನಜ್ರಾನಿನ ಕ್ರೈಸ್ತ ನಿಯೋಗದೊಂದಿಗೆ ನಡೆದ ಸಂವಾದದ ಸಂದರ್ಭವದು. ಸತ್ಯ ಯಾರ ಕಡೆಯಿದೆಯೆಂದು ತೀರ್ಮಾನವಾಗಲು ಎರಡೂ ಪಕ್ಷದವರು ತಮ್ಮ ಮಕ್ಕಳನ್ನೂ ಸ್ತ್ರೀಯರನ್ನೂ ಕರೆತಂದು, ಸುಳ್ಳಾಡುವವರ ಮೇಲೆ ಅಲ್ಲಾಹನ ಶಾಪವಿರಲೆಂದು ಪ್ರಾರ್ಥಿಸೋಣ ಎಂಬ ಆಹ್ವಾನ ಅದರಲ್ಲಿದೆ. ಆಗ ಪ್ರವಾದಿ(ಸ) ಕರೆದುದು ಹ. ಅಲಿ(ರ), ಹ. ಫಾತಿಮಾ(ರ), ಹಸನ್(ರ) ಮತ್ತು ಹುಸೈನ್(ರ) ಅವರನ್ನು ಎಂದು ಮುಸ್ಲಿಮ್ ಗ್ರಂಥದಲ್ಲಿದೆ. ನಿಯೋಗದವರು ಆ ಪಂಥಕ್ಕೆ ಇಳಿಯದೆ ಸಂಧಿ ಮಾಡಿಕೊಂಡರು.

ರಾತ್ರಿ ಫೋನಿನಲ್ಲಿ ಇದನ್ನು ಓದಿದೆ. ಯಾರು ಯಾರನ್ನು ಕರೆದರೆಂದು ಉಮ್ಮ ಕೇಳಿದರು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಉಮ್ಮ ಅಂದರು: “ಸತ್ಯಕ್ಕೆ ಸಾಕ್ಷಿ ಬೇಕಾದಾಗ ಮನೆಯವರನ್ನೇ ಕರೆದರಲ್ಲ ಮಗನೇ.”

ವ್ಯಾಖ್ಯಾನಗಳಲ್ಲಿ ಹುಡುಕಿದರೂ ನನಗೆ ಹೊಳೆಯದಿದ್ದ ಮಾತು ಅದು. ಮನುಷ್ಯನು ಹೊರಗೆ ಎಷ್ಟೇ ಬರೆಯಲಿ, ಎಷ್ಟೇ ಉಪದೇಶ ಮಾಡಲಿ, ಅವನ ಮಾತು ನಿಜವೇ ಎಂದು ಬಲ್ಲವರು ಮನೆಯವರು. ಪ್ರವಾದಿತ್ವವನ್ನು ಮೊದಲು ನಂಬಿದವರು ಹ. ಖದೀಜಾ(ರ). ಹದಿನೈದು ವರ್ಷಗಳ ದಾಂಪತ್ಯದಲ್ಲಿ ಕಂಡುಕೊಂಡ ಗುಣಗಳನ್ನೇ ಎತ್ತಿ ಹೇಳಿ ಅವರು ಪ್ರವಾದಿಯವರನ್ನು(ಸ) ಸಂತೈಸಿದರು. ನನ್ನ 354 ಪುಟಗಳನ್ನು ಯಾರು ಮೆಚ್ಚಿದರೆಂಬುದಕ್ಕಿಂತ, ಅವನ್ನು ಪ್ರತಿ ರಾತ್ರಿ ಕೇಳಿದ ಮೂವರು ನಾಳೆ ಅಲ್ಲಾಹನ ಮುಂದೆ ನನ್ನ ಪರವಾಗಿ ಏನು ಸಾಕ್ಷಿ ಹೇಳುವರೆಂಬುದೇ ದೊಡ್ಡದು. ಮನೆಯ ಖರ್ಚು, ಉಮ್ಮನ ಔಷಧಿ, ಮಗಳ ಓದು ಎಲ್ಲವನ್ನೂ ತೂಗಿಸಿಕೊಂಡು ನನ್ನ ಪತ್ನಿ ನೀಡಿದ ನಿಶ್ಚಿಂತೆಯಿಲ್ಲದಿದ್ದರೆ ಒಂದು ಪುಟವೂ ಏಳುತ್ತಿರಲಿಲ್ಲ. ಆ ಪುಟಗಳ ಪ್ರತಿಫಲದಲ್ಲಿ ಅವಳಿಗೂ ಪಾಲಿರಲಿ ಎಂಬುದೇ ಅಂದಿನ ನನ್ನ ದುಆ.

ಮರುದಿನ ಈದ್ಗಾದಲ್ಲಿ ಹಬ್ಬದ ನಮಾಝ್. ನಮ್ಮ ಕರಾವಳಿಯ ಶಾಫಿಈ ಮಸೀದಿಗಳಲ್ಲಿ ಈದ್ ನಮಾಝಿನ ಮೊದಲ ರಕಅತಿನಲ್ಲಿ ಏಳು, ಎರಡನೆಯದರಲ್ಲಿ ಐದು ಹೆಚ್ಚುವರಿ ತಕ್ಬೀರುಗಳಿರುತ್ತವೆ. ಇಲ್ಲಿಯ ಹನಫೀ ಕ್ರಮದಲ್ಲಿ ಮೂರು ಮತ್ತು ಮೂರು. ಕೈಗಳು ಹಳೆಯ ಎಣಿಕೆಯನ್ನೇ ಹುಡುಕುತ್ತವೆ. ಊರಿನಿಂದ ದೂರವಿರುವುದು ಆ ಕ್ಷಣದಲ್ಲಿ ನಮಾಝಿನೊಳಗೇ ಅರಿವಾಗುತ್ತದೆ. ಆದರೆ ಸಾಲು ಒಂದೇ, ಕಿಬ್ಲಾ ಒಂದೇ. ಕೋಣೆಗೆ ಮರಳಿದಾಗ ಮನೆಯೊಡತಿ ಅಜ್ಜಿ ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದರು. “ಹಬ್ಬದ ದಿನ ಒಬ್ಬನ ಇರಬಾರದಪಾ, ಮೊದಲ ಇದನ್ನ ತಿನ್ನು” ಎಂದರು. ಅವರು ಪ್ರತಿ ಸೋಮವಾರ ಸಿದ್ಧೇಶ್ವರ ಗುಡಿಗೆ ಹೋಗುವವರು. ನೆರೆಯವರ ಹಕ್ಕನ್ನು ಅವರು ಯಾವ ಗ್ರಂಥದಲ್ಲೂ ಓದಿ ಕಲಿತವರಲ್ಲ. ಊರಿನಲ್ಲಿ ಅಣ್ಣ ನನ್ನ ಪರವಾಗಿಯೂ ಉಳ್‌ಹಿಯ್ಯತ್ ನೆರವೇರಿಸಿದ್ದ. ಮಧ್ಯಾಹ್ನದ ಪಾಳಿಗೆ ಹೊರಡುವ ಮುನ್ನ ವೀಡಿಯೊ ಕರೆಯಲ್ಲಿ ಪತ್ತಿರ್ ಬಡಿಸಿದ ತಟ್ಟೆಗಳ ನಡುವೆ ಒಂದು ಖಾಲಿ ಜಾಗವನ್ನು ಮಗಳು ತೋರಿಸಿದಳು.

ಬಕ್ರೀದ್ ಹಬ್ಬವೇ ಒಂದು ಅಗಲಿದ ಕುಟುಂಬದ ನೆನಪು ಎಂಬುದನ್ನು ನಾವು ಮರೆಯುತ್ತೇವೆ. ಬಲಿದಾನದ ಘಟನೆಗೂ ಮೊದಲು ಒಂದು ಅಗಲಿಕೆಯಿತ್ತು. ಇಬ್ರಾಹೀಮ್(ಅ) ತಮ್ಮ ಪತ್ನಿ ಹಾಜರಾ ಅವರನ್ನೂ ಹಸುಗೂಸು ಇಸ್ಮಾಈಲರನ್ನೂ(ಅ) ಬೆಳೆಯಿಲ್ಲದ ಕಣಿವೆಯಲ್ಲಿ ಬಿಟ್ಟು ಹೊರಟಾಗ, ಇದು ಅಲ್ಲಾಹನ ಆಜ್ಞೆಯೇ ಎಂದು ಹಾಜರಾ ಕೇಳಿದರು. ಹೌದೆಂದಾಗ, ಹಾಗಾದರೆ ಅವನು ನಮ್ಮ ಕೈಬಿಡಲಾರನು ಎಂದರು. ಇಬ್ರಾಹೀಮ್(ಅ) ಕಣ್ಮರೆಯಾಗುವಷ್ಟು ದೂರ ನಡೆದು, ತಿರುಗಿ ನಿಂತು, ಜನರ ಹೃದಯಗಳು ಇವರತ್ತ ಒಲಿಯುವಂತೆ ಮಾಡು, ಇವರಿಗೆ ಫಲಗಳ ಆಹಾರ ನೀಡು ಎಂದು ಪ್ರಾರ್ಥಿಸಿದರು. ಇಂದು ಹಾಜಿಗಳು ಸಫಾ ಮರ್ವಾ ನಡುವೆ ನಡೆಯುವ ಏಳು ನಡಿಗೆಗಳು ಪತಿ ದೂರವಿದ್ದಾಗ ಮಗುವಿಗಾಗಿ ಓಡಾಡಿದ ಒಬ್ಬ ತಾಯಿಯ ಹೆಜ್ಜೆಗಳು. ಹೋದವರ ತ್ಯಾಗವನ್ನು ನಾವು ಹೊಗಳುತ್ತೇವೆ. ಉಳಿದವರ ಹೆಜ್ಜೆಗಳನ್ನು ಅಲ್ಲಾಹನು ಹಜ್ಜ್‌ನ ಭಾಗವಾಗಿಸಿದ್ದಾನೆ.

ದುಬೈ, ದಮಾಮ್, ಮಸ್ಕತ್‌ಗಳಲ್ಲಿ ದುಡಿಯುವವರಿರುವ ಎಷ್ಟು ಮನೆಗಳು ನಮ್ಮಲ್ಲಿವೆ! ಪ್ರತಿ ಹಬ್ಬಕ್ಕೂ ಒಂದು ತಟ್ಟೆಯ ಜಾಗ ಖಾಲಿಯಿರುವ ಮನೆಗಳವು. ಅವರಿಗೆಲ್ಲ ನನ್ನ ಒಂದು ವರ್ಷದ ಅನುಭವದಿಂದ ಹೇಳಬಹುದಾದುದು ಇಷ್ಟು. ದೂರವಿದ್ದು ನಾವು ಮಾಡುವ ಓದು, ದಾನ, ಸೇವೆ, ಯಾವ ಸತ್ಕರ್ಮವಿದ್ದರೂ ಅದರಲ್ಲಿ ಮನೆಯವರನ್ನು ಪಾಲುದಾರರನ್ನಾಗಿಸಿ. ಅವರಿಗೆ ಹೇಳುವುದಷ್ಟೇ ಸಾಲದು, ಅವರನ್ನೂ ಕೇಳಿ. ಅವರ ಸಮಯದಿಂದ ತೆಗೆದುಕೊಂಡುದನ್ನು ಸಾಲವೆಂದೇ ತಿಳಿದು ಲೆಕ್ಕವಿಡಿ. ಆ ಲೆಕ್ಕ ಬರೆಯಲು ಬೇಸರಪಡಬೇಡಿ.

ಮುಹರ್ರಮ್‌ನಿಂದ ನನ್ನ ಕ್ರಮವನ್ನು ಹೊಸದಾಗಿ ಗೊತ್ತುಮಾಡಿಕೊಂಡಿದ್ದೇನೆ. ಸುಬಹ್‌ನ ಬಳಿಕದ ಒಂದು ಸೂಕ್ತದ ಓದು ಪ್ರತಿದಿನ ಹಾಗೆಯೇ ಮುಂದುವರಿಯುತ್ತದೆ. ಬರಹ ವಾರಕ್ಕೆ ಎರಡು ಪುಟ. ಅವನ್ನು ಗುರುವಾರ ರಾತ್ರಿ ಉಮ್ಮನಿಗೆ ಓದುವುದು. ಉಳಿದ ಆರು ರಾತ್ರಿಗಳ ಫೋನ್ ಮನೆಯವರದು, ಮೊದಲ ಮಾತು ಮಗಳದು. ಪತ್ನಿಯನ್ನು ಕೇಳಿ, ಆಕೆ ಒಪ್ಪಿದ ಮೇಲೆಯೇ ಈ ಅಳತೆ ನಿಂತಿತು. ಎರಡನೆಯ ಪುಸ್ತಕದಲ್ಲಿ ಖಾಲಿ ಉಳಿದಿದ್ದ 46 ಪುಟಗಳು ಈ ಲೆಕ್ಕದಲ್ಲಿ ತುಂಬಲು ಇಪ್ಪತ್ತಮೂರು ವಾರಗಳು ಬೇಕು. ತುಂಬಲಿ, ಅವಸರವಿಲ್ಲ. ಕುರ್‌ಆನ್ ಇಳಿಯಲು 23 ವರ್ಷ ಹಿಡಿಯಿತು, ಅದನ್ನು ಅರಿಯಲು ಒಂದು ಜೀವಮಾನ ಹಿಡಿದರೆ ಅಚ್ಚರಿಯೇನಿಲ್ಲ.

ಅಲ್ಲಾಹನು ನಮ್ಮ ಅಲ್ಪ ಕರ್ಮಗಳನ್ನು ಸ್ವೀಕರಿಸಲಿ, ಅವುಗಳಲ್ಲಿ ನಿರಂತರತೆಯನ್ನು ಕರುಣಿಸಲಿ. ದೂರವಿರುವ ಕುಟುಂಬಗಳನ್ನು ಇಹದಲ್ಲಿ ಒಂದೇ ಚಾಪೆಯ ಸುತ್ತಲೂ ಪರದಲ್ಲಿ ಸ್ವರ್ಗದ ಬಾಗಿಲಲ್ಲೂ ಒಟ್ಟುಗೂಡಿಸಲಿ. ಆಮೀನ್.